ಅಡಗಿಮನಿ ಅಂದರ ಎಡಕ್ಕ

ಟಾರ್ನೀಟ್, ಮೆಲ್ಬೋರ್ನ್
16 ಮಾರ್ಚ್ 2025

ಚಿ. ಸೌ. ಮಾಧುರಿಗೆ ನಿನ್ನ ಅವ್ವನ ಆಶೀರ್ವಾದ.

ಈ ಕಾಗದವನ್ನು ನೀನೊಬ್ಬಳೇ ಓದಿ ಮಡಿಚಿಡಬೇಡ. ಆ ಹುಡುಗನನ್ನು ಎದುರಿಗೆ ಕೂಡಿಸಿಕೊಂಡು ಗಟ್ಟಿಯಾಗಿ ಓದು. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅದು ಅವನ ಅಪ್ಪ, ನಿನ್ನ ತಮ್ಮ ಕಿರಣಕುಮಾರನ ಹೊಣೆಗೇಡಿತನ. ನಾನು ಯಾರೆಂಬುದೂ ಆ ಹುಡುಗನಿಗೆ ಮರೆತುಹೋದಂತೆ ಕಾಣುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ಚನ್ನಕ್ಕ. ಪಾಟೀಲರ ಮನೆಯ ಮಗಳು, ಧಾರವಾಡದ ಶೇಖರಪ್ಪನವರ ಹೆಂಡತಿ. ಎಸ್ಸೆಸ್ಸೆಲ್ಸಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು. ಮೂರು ಮಕ್ಕಳನ್ನು ಓದಿಸಿ, ಹಿರಿಯನನ್ನು ಮೆಲ್ಬೋರ್ನಿಗೆ, ನಿನ್ನನ್ನು ಸಿಡ್ನಿಗೆ, ಕಿರಿಯನನ್ನು ಐರ್ಲೆಂಡಿಗೆ ಕಳಿಸಿದವಳು. ನಿಮ್ಮಪ್ಪ ಲಿಂಗೈಕ್ಯರಾದ ಮೇಲೆ ಈ ಮನೆತನಕ್ಕೆ ಹಿರಿಯಳು ನಾನೇ. ನಾನು ಹ್ಞೂಂ ಎನ್ನದೆ ಇಲ್ಲಿ ಒಂದು ಲಗ್ನಪತ್ರಿಕೆ ಅಚ್ಚಾಗಿಲ್ಲ, ಒಂದು ತೊಟ್ಟಿಲು ಕಟ್ಟಿಲ್ಲ.

ಇಂಥ ನಾನು ಕಿರಣನ ಮಗ ತೇಜಸ್‌ನಿಗೆ ಹೇಳಿದ್ದೇನು? ಐರ್ಲೆಂಡಿನಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಬಿಟ್ಟೆ, ಆಗಲಿ. ಮೆಲ್ಬೋರ್ನಿಗೆ ಬಾ, ದೊಡ್ಡಪ್ಪ ಶಶಿಧರನ ಮನೆಯಲ್ಲಿದ್ದು ಓದು ಮುಂದುವರಿಸು ಎಂದೆ. ಅವನು ಮಾಡಿದ್ದೇನು? ನೆಟ್ಟಗೆ ಸಿಡ್ನಿಗೆ ಇಳಿದ. ಪುಸ್ತಕದ ಬದಲು ಬಗಲಲ್ಲಿ ಎರಡು ಕೋಲು. ಆಡುವ ಗೆಳೆಯರೆಲ್ಲ ಅಲ್ಲೇ ಇದ್ದಾರಂತೆ. ನೀನು ಅತ್ತೆಯಾದವಳು ಬುದ್ಧಿ ಹೇಳುವುದು ಬಿಟ್ಟು ಹಾಸಿಗೆ ಹಾಸಿಕೊಟ್ಟೆ.

ಆ ದಿನದಿಂದ ನಾನು ಅವನೊಂದಿಗೆ ಮಾತು ಬಿಟ್ಟಿದ್ದೇನೆ. ಫೋನಿನಲ್ಲಿ ಅವನ ಕೈಗೆ ಕೊಡಬೇಡ, ನಾನು ಇಟ್ಟುಬಿಡುತ್ತೇನೆ. ನಾನು ಮಾತು ಬಿಡುವುದೆಂದರೆ ಏನೆಂದು ನಿನಗೆ ಗೊತ್ತಿದೆ. ಬಾಗಲಕೋಟೆಯ ನಿನ್ನ ಚಿಕ್ಕಪ್ಪನೊಂದಿಗೆ ಹನ್ನೊಂದು ವರ್ಷ ಬಿಟ್ಟಿದ್ದೆ. ಅವನ ಮಗಳ ಮದುವೆಗೆ ಹೋದೆ, ಅಕ್ಷತೆ ಹಾಕಿದೆ, ಊಟ ಮಾಡಿದೆ, ಮಾತಾಡದೆ ಎದ್ದು ಬಂದೆ.

ನಿನಗೂ ಇನ್ನು ಮುಂದೆ ಕಾಗದವನ್ನೇ ಬರೆಯುತ್ತೇನೆ. ಫೋನಿನಲ್ಲಿ ನೀನು ಪಲ್ಯ ಕೈಯಾಡಿಸುತ್ತ ಹ್ಞೂಂ ಹ್ಞೂಂ ಎನ್ನುತ್ತೀ. ಕಾಗದದಲ್ಲಿ ನನ್ನ ಮಾತಿನ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ನಿನ್ನ ಅವ್ವ
ಚನ್ನಕ್ಕ


ಚಾಟ್ಸ್‌ವುಡ್, ಸಿಡ್ನಿ
6 ಏಪ್ರಿಲ್ 2025

ಪೂಜ್ಯ ಅವ್ವನಿಗೆ ಮಾಧುರಿಯ ಶರಣು ಶರಣಾರ್ಥಿ.

ನಿನ್ನ ಕಾಗದವನ್ನು ನೀನು ಹೇಳಿದಂತೆ ಗಟ್ಟಿಯಾಗಿ ಓದಿದೆ. ತೇಜಸ್ ಕಾಲು ಮಡಿಚಿ ಕೂತು ಕೊನೆಯವರೆಗೂ ಕೇಳಿದ. ಮುಗಿದ ಮೇಲೆ, "ಅತ್ತಿ, ಆಯಿ ಪೇಪರ್‌ನ್ಯಾಗೂ ಸೇಮ್ ವಾಯ್ಸ್ ಬರ್ತೈತಿ ನೋಡು" ಎಂದ. ನಗುತ್ತಿರಲಿಲ್ಲ ಅವ್ವ. ಅಷ್ಟು ಹೊತ್ತೂ ಕೂಡ ತಲೆ ತಗ್ಗಿಸಿಯೇ ಇದ್ದ.

ಅವನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಬೆಳಗಿನ ಕತ್ತಲಲ್ಲೇ ಎದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಾನು ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಮೆಟ್ರೋ ಹಿಡಿದು ಬರುವಷ್ಟರಲ್ಲಿ ಅವನು ಬಂದು ನಮ್ಮ ಕಾರ್ ಪಾರ್ಕಿನ ಗೋಡೆಗೆ ಚೆಂಡು ಬಡಿಯುತ್ತಿರುತ್ತಾನೆ. ಬಿಲ್ಡಿಂಗಿನವರು ಇಮೇಲ್ ಕಳಿಸಿದರು. ನಿನ್ನ ಅಳಿಯ ಹೋಗಿ ಕ್ಷಮೆ ಕೇಳಿ ಬಂದರು. ಈಗ ಪಾರ್ಕಿನಾಚೆಯ ಸೇತುವೆಯ ಕೆಳಗೆ ಬಡಿಯುತ್ತಾನೆ.

ಆಟದ ಹೆಸರು ಹರ್ಲಿಂಗ್. ಐರ್ಲೆಂಡಿನಲ್ಲಿ ಊರೂರಿಗೂ ಒಂದು ತಂಡ, ಕೌಂಟಿಗೊಂದು ದೊಡ್ಡ ತಂಡ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕೈಯಲ್ಲಿ ಮರದ ಸೌಟಿನಂಥ ಚಪ್ಪಟೆ ಕೋಲು, ಅದಕ್ಕೆ ಹರ್ಲಿ ಎನ್ನುತ್ತಾರೆ. ಚೆಂಡು ಚರ್ಮದ್ದು, ನಮ್ಮ ಕ್ರಿಕೆಟ್ ಚೆಂಡಿನಷ್ಟೇ. ಒಂದೊಂದು ಕಡೆ ಹದಿನೈದು ಜನ. ಚೆಂಡು ಕಂಬಗಳ ನಡುವಿನ ಬಲೆಗೆ ಬಿದ್ದರೆ ಗೋಲು, ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದಂಕ. ನಮ್ಮ ಹುಡುಗ ಆ ಬಲೆಯ ಮುಂದೆ ನಿಲ್ಲುವ ಗೋಲ್‌ಕೀಪರ್. ಆರು ವರ್ಷದವನಿದ್ದಾಗಿನಿಂದ ಅಲ್ಲೇ ನಿಂತಿದ್ದಾನೆ.

ಅವನು ಕಾಲೇಜು ಯಾಕೆ ಬಿಟ್ಟನೆಂದು ನೀನೂ ಕೇಳಲಿಲ್ಲ, ಕಿರಣನೂ ಕೇಳಲಿಲ್ಲ. ಹೋದ ವರ್ಷ ಅವನು ಕೌಂಟಿಯ ಕಿರಿಯರ ತಂಡದಲ್ಲಿದ್ದ. ಒಂದು ಪಂದ್ಯದ ಕೊನೆಯಲ್ಲಿ ಸುಲಭದ ಚೆಂಡು ಅವನ ಕೈಯಿಂದ ಜಾರಿ ಗೋಲಾಯಿತು. ಮರುವಾರ ತಂಡದಿಂದ ತೆಗೆದರು. ಆ ಊರಿನ ಅಂಗಡಿ, ಕಾಲೇಜು, ಬಸ್ಸು, ಎಲ್ಲಿ ಹೋದರೂ ಜನರಿಗೆ ಅದೇ ಮಾತಂತೆ. "ಮಂದಿ ಏನೂ ಬೈಯಲಿಲ್ಲ ಅತ್ತಿ. ಹಾರ್ಡ್ ಲಕ್ ಅಂತ ಬೆನ್ನು ತಟ್ಟತಿದ್ರು. ಬೈದಿದ್ರ ಚಲೋ ಇತ್ತು" ಎಂದ.

ಇಷ್ಟು ನಿನಗೆ ಗೊತ್ತಿರಲಿ ಎಂದು ಬರೆದೆ.

ನಿನ್ನ ಮಗಳು
ಮಾಧುರಿ


ಟಾರ್ನೀಟ್
11 ಮೇ 2025

ಚಿ. ಸೌ. ಮಾಧುರಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಬೇಕೆಂದೇ ತಡಮಾಡಿ ಉತ್ತರ ಬರೆಯುತ್ತಿದ್ದೇನೆ.

ಗೋಲ್‌ಕೀಪರ್ ಎಂದರೆ ಏನು ಎಂದು ಶಶಿಧರನನ್ನು ಕೇಳಿದೆ. "ಎಲ್ಲಾರ ಹಿಂದ ನಿಂತು ಬಾಗಲಾ ಕಾಯಾಂವ, ಅವ್ವ" ಎಂದ. ಸರಿ, ತಿಳಿಯಿತು. ಹದಿನಾಲ್ಕು ಜನ ಮುಂದೆ ಓಡಾಡಿ ಹೆಸರು ಮಾಡಿಕೊಳ್ಳುತ್ತಾರೆ. ನಮ್ಮ ಹುಡುಗ ಬಾಗಿಲಲ್ಲಿ ನಿಂತು ಬಂದದ್ದನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ. ಒಂದು ಜಾರಿದರೆ ತಪ್ಪೆಲ್ಲ ಅವನದು.

ನನ್ನ ತವರಿನಲ್ಲಿ ಅಗಸೆಬಾಗಿಲಿಗೆ ಇಬ್ಬರು ಕಾವಲಿನವರು ಇರುತ್ತಿದ್ದರು. ಒಳ್ಳೆಯ ಜನ. ಹಬ್ಬಕ್ಕೆ ನನ್ನ ಅಪ್ಪ ಅವರಿಗೆ ಧೋತರ ಕೊಡುತ್ತಿದ್ದರು. ಆದರೆ ನಮ್ಮ ಮನೆಯವರು ಬಾಗಿಲು ಕಾಯಿಸಿದವರೇ ಹೊರತು ಕಾದವರಲ್ಲ. ಆರು ವರ್ಷದ ಮಗುವನ್ನು ಬಿಳಿಯರು ಹಿಂದಕ್ಕೆ ಒಯ್ದು ನಿಲ್ಲಿಸಿದಾಗ ನಿನ್ನ ತಮ್ಮ ಒಂದು ಮಾತು ಕೇಳಬಾರದಿತ್ತೇ, ಯಾಕೆ ಇವನೇ ಅಂತ? ಮದುವೆಯ ಪಂಕ್ತಿಯಲ್ಲಿ ನಮ್ಮನ್ನು ಯಾರಾದರೂ ಕೊನೆಯ ಸಾಲಿಗೆ ಕೂಡಿಸಿದ್ದರೆ ನಿಮ್ಮಪ್ಪ ಎಲೆ ಮುಟ್ಟುತ್ತಿದ್ದರೇ?

ಮತ್ತು ಆ ಬಾಗಿಲಿನಿಂದಲೂ ತೆಗೆದುಹಾಕಿಸಿಕೊಂಡು ಬಂದಿದ್ದಾನೆ. ಅದಕ್ಕಾಗಿ ಓದು ಬಿಟ್ಟನಂತೆ. ಜಾರಿದ್ದು ಚೆಂಡು, ಬಿಸುಟದ್ದು ಕಾಲೇಜು. ಇದು ಯಾವ ನ್ಯಾಯ ಎಂದು ಅವನನ್ನು ಕೇಳು. ನಾನು ಕೇಳಿದ್ದೇನೆಂದು ಹೇಳಬೇಡ.

ಶಶಿಧರ ಇಲ್ಲಿ ಕಾಲೇಜು ನೋಡಿದ್ದಾನೆ. ಬರುವ ಫೆಬ್ರವರಿಗೆ ಸೇರಬಹುದು. ಹಿಂದಿನ ಕೋಣೆಯ ಮಂಚ ಅವನ ಎತ್ತರಕ್ಕೆ ಸಾಲದೆಂದು ಬದಲಿಸಿ ತಂದಿದ್ದೇವೆ. ಕಿಟಕಿಗೆ ಪರದೆ ಹಾಕಿಸಿದೆ. ಮನೆ ಎಂದ ಮೇಲೆ ಕೋಣೆ ಸಜ್ಜಾಗಿರಬೇಕು; ಅದಕ್ಕೆ ಬೇರೆ ಅರ್ಥ ಹಚ್ಚಬೇಡ.

ಅವನು ರೊಟ್ಟಿ ತಿನ್ನುತ್ತಾನೋ, ಹೊರಗಿನ ಬ್ರೆಡ್ಡೇ ಗತಿಯೋ? ಜೋಳದ ಹಿಟ್ಟು ಇಲ್ಲಿಯ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ. ಬರುವವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಅವ್ವ
ಚನ್ನಕ್ಕ


ಚಾಟ್ಸ್‌ವುಡ್
24 ಆಗಸ್ಟ್ 2025

ಪೂಜ್ಯ ಅವ್ವನಿಗೆ ಶರಣು ಶರಣಾರ್ಥಿ.

ಹಿಟ್ಟು ಮುಟ್ಟಿತು. ನಿನ್ನ ಮೊಮ್ಮಗ ಒಂದು ಹೊತ್ತಿಗೆ ಐದು ರೊಟ್ಟಿ ತಿನ್ನುತ್ತಾನೆ. ಬಡಿಯುವವಳಿಗೆ ಮಾತ್ರ ಕೈ ಸೋಲುತ್ತದೆ.

ಈಗ ಮುಖ್ಯ ವಿಷಯ. ನಿಧಾನವಾಗಿ ಓದು. ಐರ್ಲೆಂಡಿನಿಂದ ತೇಜಸ್‌ನಿಗೆ ಕರೆ ಬಂದಿದೆ. ಅವನ ಕೌಂಟಿಯ ದೊಡ್ಡ ತಂಡಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಇಬ್ಬರು ಗೋಲ್‌ಕೀಪರುಗಳಲ್ಲಿ ಒಬ್ಬ ಆಟ ಬಿಟ್ಟಿದ್ದಾನೆ. ಇವನು ಇಲ್ಲಿ ಸಿಡ್ನಿಯ ತಂಡಕ್ಕೆ ಚೆನ್ನಾಗಿ ಆಡುತ್ತಿದ್ದಾನೆಂದು ಯಾರೋ ಹೇಳಿದ್ದಾರೆ. "ಒಂದು ಪಂದ್ಯದ ವಿಡಿಯೋ ಪೂರ್ತಿ ಕಳಿಸು, ಕತ್ತರಿಸದೆ. ಮೆಚ್ಚಿಗೆಯಾದರೆ ಡಿಸೆಂಬರಿನಲ್ಲಿ ಬಂದು ಸೇರು" ಎಂದಿದ್ದಾರೆ. ಸಂಬಳ ಇಲ್ಲ ಅವ್ವ, ಆ ಆಟದಲ್ಲಿ ಯಾರಿಗೂ ಇಲ್ಲ. ಆದರೆ ಕೌಂಟಿಯ ಅಂಗಿ ತೊಡುವುದೆಂದರೆ ಅಲ್ಲಿ ಅದಕ್ಕಿಂತ ದೊಡ್ಡದು ಇಲ್ಲವಂತೆ. ಆಡುವವರೆಲ್ಲ ಓದುವ ಹುಡುಗರು, ಮಾಸ್ತರರು, ಒಕ್ಕಲುತನದವರು. ಇವನ ಹಳೆಯ ಕಾಲೇಜಿನವರೂ ಬಿಟ್ಟಲ್ಲಿಂದ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಈ ಸಲ ಹೋಗದಿದ್ದರೆ ಆ ಜಾಗ ಬೇರೆಯವನಿಗೆ ಹೋಗುತ್ತದೆ, ಮತ್ತೆ ಎಷ್ಟು ವರ್ಷಕ್ಕೋ.

ಕಿರಣನಿಗೆ ಫೋನ್ ಮಾಡಿದೆ. ಅವನ ಉತ್ತರ ನಿನಗೆ ಗೊತ್ತೇ ಇದೆ. "ಅವ್ವ ಹ್ಞೂಂ ಅಂದ್ರ ನಂದೂ ಹ್ಞೂಂ. ಒಮ್ಮೆ ಆಟದ ಸಲುವಾಗಿ ಓದು ಕಳಕೊಂಡಾನ, ಈಗ ಅವ್ವನ್ನ ಮೀರಿ ನಾ ಕರಸಂಗಿಲ್ಲ" ಎಂದ. ತೇಜಸ್‌ನ ಮಾತೂ ಅದೇ. "ಆಯಿ ಬ್ಯಾಡ ಅಂದ್ರ ಐ ವೋಂಟ್ ಗೋ, ಅತ್ತಿ. ಸಲ ಸಲ ಎಲ್ಲಾರ್ನೂ ಬಿಟ್ಟು ಓಡಿ ಹೋಗಾಕ ಆಗಂಗಿಲ್ಲ." ಹೇಳಿ ಹೊರಗೆ ಹೋದ. ಆ ದಿನ ಚೆಂಡು ಬಡಿಯಲಿಲ್ಲ.

ಅಕ್ಟೋಬರ್ 11, ಶನಿವಾರ, ಸಿಡ್ನಿಯ ತಂಡ ನಿಮ್ಮ ಮೆಲ್ಬೋರ್ನಿಗೆ ಆಡಲು ಬರುತ್ತಿದೆ. ಆ ಪಂದ್ಯದ ವಿಡಿಯೋವನ್ನೇ ಅವನು ಕಳಿಸಬೇಕು. ನೀನು ಹೋಗಿ ನೋಡು. ನೋಡಿದ ಮೇಲೆ ಬೇಡ ಎಂದರೆ ನಾನು ಇನ್ನೊಂದು ಮಾತು ಆಡುವುದಿಲ್ಲ. ನೋಡದೆ ಬೇಡ ಎನ್ನುವುದು ನಿನ್ನ ಪದ್ಧತಿಯಲ್ಲ. ನನಗೆ ಬಂದ ವರಗಳನ್ನೆಲ್ಲ ನೀನು ಮನೆಗೆ ಕರೆಸಿ, ಉಪ್ಪಿಟ್ಟು ತಿನ್ನಿಸಿ, ಆಮೇಲೆ ಬೇಡ ಎನ್ನುತ್ತಿದ್ದೆ.

ನಿನ್ನ ಮಗಳು
ಮಾಧುರಿ


ಟಾರ್ನೀಟ್
7 ಸೆಪ್ಟೆಂಬರ್ 2025

ಮಾಧುರಿಗೆ ಆಶೀರ್ವಾದ.

ಹೋಗುತ್ತೇನೆ. ಮಾತಾಡುವುದಿಲ್ಲ. ಇಷ್ಟು ಸಾಕು.

ಆ ಉಪ್ಪಿಟ್ಟಿನ ವಿಷಯವನ್ನು ಅಳಿಯಂದಿರ ಮುಂದೆ ಆಡಬೇಡ.

ಚನ್ನಕ್ಕ


ಟಾರ್ನೀಟ್
13 ಅಕ್ಟೋಬರ್ 2025

ಚಿ. ಸೌ. ಮಾಧುರಿಗೆ ಆಶೀರ್ವಾದ.

ಶನಿವಾರ ನಡೆದದ್ದನ್ನು ನಿನಗೆ ಯಾರ್ಯಾರು ಏನೇನು ಹೇಳಿದ್ದಾರೋ ಗೊತ್ತಿಲ್ಲ. ನಡೆದದ್ದು ನಡೆದ ಹಾಗೆ ನಾನೇ ಬರೆಯುತ್ತೇನೆ.

ಶಶಿಧರ ಕಾರಿನಲ್ಲಿ ಒಂದು ತಾಸು ಓಡಿಸಿ ಊರಾಚೆಯ ಮೈದಾನಕ್ಕೆ ಕರೆದೊಯ್ದ. ಗಾಳಿ ಚಳಿ ಎರಡೂ ಇದ್ದವು. ಶಾಲು ಹೊದ್ದು, ಮಡಚುವ ಕುರ್ಚಿಯಲ್ಲಿ ಗೆರೆಯ ಹೊರಗೆ ಕೂತೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಐರಿಶ್ ಹೆಂಗಸು. ಮೋರಾ ಎಂದು ಹೆಸರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಹಾಲು ಹೆಚ್ಚು, ಸಕ್ಕರೆ ಇಲ್ಲ. ಕುಡಿದೆ. ಒಳ್ಳೆಯ ಮನೆತನದ ಹೆಂಗಸಿನಂತೆ ಕಂಡಳು.

ಆಟ ಶುರುವಾಯಿತು. ಮೊದಲಿಗೆ ನನಗೆ ಕಂಡದ್ದು ಬರೀ ಗುದ್ದಾಟ. ಕೋಲಿಗೆ ಕೋಲು, ಮೈಗೆ ಮೈ. ಇಂಥದಕ್ಕೆ ಈ ಹುಡುಗರನ್ನು ಅಪ್ಪ ಅವ್ವ ಹೇಗೆ ಕಳಿಸುತ್ತಾರೋ ಎನಿಸಿತು. ನಮ್ಮವನು ತಲೆಗೆ ಜಾಲರಿಯ ಶಿರಸ್ತ್ರಾಣ ಹಾಕಿಕೊಂಡು ದೂರದ ಬಲೆಯ ಮುಂದೆ ಒಬ್ಬನೇ ನಿಂತಿದ್ದ. ಎಷ್ಟು ಎತ್ತರವಾಗಿದ್ದಾನೆ. ನಿಮ್ಮಪ್ಪನ ಹಾಗೆಯೇ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾನೆ.

ಚೆಂಡು ಹೊರಗೆ ಹೋದಾಗಲೆಲ್ಲ ಅವನೇ ಅದನ್ನು ಮತ್ತೆ ಹೊಡೆದು ಆಟಕ್ಕೆ ತರಬೇಕು. ಹೊಡೆಯುವ ಮೊದಲು ಒದರಿದ. ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಅಡಗಿಮನೀ!"

ಹೌದು, ಅದನ್ನೇ ಒದರಿದ. ಅವನ ಎಡಗಡೆಯ ಹುಡುಗರು ಓಡಿದರು, ಚೆಂಡು ನೆಟ್ಟಗೆ ಅವರ ಕೈಗೇ ಹೋಯಿತು. ಮುಂದಿನ ಸಲ "ದೇವರಮನೀ!" ಬಲಕ್ಕೆ. ಇನ್ನೊಮ್ಮೆ "ಅಂಗಳಾ!" ಚೆಂಡು ಎಲ್ಲರ ತಲೆಯ ಮೇಲಿಂದ ದೂರ ಹೋಗಿ ಬಿತ್ತು. ನನಗೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಧಾರವಾಡದ ಮನೆಯ ಪಡಸಾಲೆಯಲ್ಲಿ ನಿಂತರೆ ಎಡಕ್ಕೆ ಅಡಿಗೆಮನೆ, ಬಲಕ್ಕೆ ದೇವರಮನೆ, ಎದುರಿಗೆ ಅಂಗಳ. ಬೇಸಿಗೆಗೆ ಬಂದಾಗ ಅವನು ಅಲ್ಲೇ ಚೆಂಡು ಆಡಿ ನನ್ನ ಉಪ್ಪಿನಕಾಯಿ ಭರಣಿ ಒಡೆದಿದ್ದ.

ಶಶಿಧರ ವಿಚಾರಿಸಿಕೊಂಡು ಬಂದು ಹೇಳಿದ. ಚೆಂಡು ಎತ್ತ ಹೋಗುವುದೆಂದು ತಮ್ಮವರಿಗಷ್ಟೇ ತಿಳಿಯುವಂತೆ ಗುಟ್ಟಿನ ಮಾತು ಇಟ್ಟುಕೊಳ್ಳುವುದು ಈ ಆಟದ ಪದ್ಧತಿಯಂತೆ. ಐರಿಶ್ ಭಾಷೆ ಎದುರಿನವರಿಗೂ ಬರುತ್ತದೆ. ಆದ್ದರಿಂದ ಇವನು ಸಿಡ್ನಿಯ ಹುಡುಗರಿಗೆಲ್ಲ ನಮ್ಮ ಮನೆಯ ಕೋಣೆಗಳನ್ನು ಬಾಯಿಪಾಠ ಮಾಡಿಸಿದ್ದಾನೆ. ಕೆಂಪು ಕೂದಲಿನ ಒಬ್ಬ ಹುಡುಗ "ದೇವರಮನಿ, ದೇವರಮನಿ" ಎನ್ನುತ್ತ ಓಡುತ್ತಿದ್ದ. ನನಗೆ ಬಂದ ನಗುವನ್ನು ಶಾಲಿನೊಳಗೆ ಮುಚ್ಚಿಕೊಂಡೆ.

ಆಗ ಮೋರಾ ಕೇಳಿದಳು, ಆ ಕೀಪರ್ ನಿಮ್ಮವನೇ, ಏನು ಕೂಗುತ್ತಾನೆ ಅವನು ಎಂದು. ನಾನು ಹೇಳಿದೆ. ಬಿಡಿಸಿ ಹೇಳಿದೆ. "ಅಡಗಿಮನಿ ಮೀನ್ಸ್ ಕಿಚನ್. ಮೈ ಹೌಸ್, ಕಿಚನ್ ಲೆಫ್ಟ್ ಸೈಡ್. ದೇವರಮನಿ ರೈಟ್." ಅವಳು ನನ್ನ ಕೈ ಹಿಡಿದು ಎಷ್ಟು ಚೆಂದ ಎಂದಳು. ಇನ್ನೊಂದು ಕಪ್ಪು ಚಹಾ ಕೊಟ್ಟಳು.

ಅರ್ಧ ಆಟಕ್ಕೆ ಬಿಡುವು ಕೊಟ್ಟರು. ಸಿಡ್ನಿ ಆರು ಅಂಕ ಮುಂದಿತ್ತು. ಮೋರಾ ಎದ್ದು ಮೆಲ್ಬೋರ್ನಿನ ಹುಡುಗರ ಗುಂಪಿನ ಕಡೆ ಹೋಗಿ ಒಬ್ಬ ಮುದುಕನೊಂದಿಗೆ ಮಾತಾಡಿ ಬಂದಳು. ಗಂಡನಿರಬೇಕೆಂದುಕೊಂಡೆ. ಗಂಡನೇ. ಮೆಲ್ಬೋರ್ನ್ ತಂಡಕ್ಕೆ ಆಟ ಕಲಿಸುವವನೂ ಅವನೇ.

ಮತ್ತೆ ಶುರುವಾದಾಗ ನಮ್ಮವನು "ಅಡಗಿಮನೀ" ಎಂದ. ಬಾಯಿ ಮುಚ್ಚುವ ಮೊದಲೇ ಮೆಲ್ಬೋರ್ನಿನ ಮೂವರು ಎಡಕ್ಕೆ ಬಂದು ನಿಂತಿದ್ದರು. ಚೆಂಡು ಅವರ ಪಾಲಾಯಿತು, ಅಂಕವಾಯಿತು. "ದೇವರಮನೀ" ಎಂದ, ಅಲ್ಲೂ ಅವರೇ. ಮತ್ತೊಮ್ಮೆ, ಮತ್ತೊಮ್ಮೆ. ಸಿಡ್ನಿಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಬೈದಾಡಿಕೊಂಡರು. ತೇಜಸ್ ಕೋಲನ್ನು ನೆಲಕ್ಕೆ ಊರಿ ಸುಮ್ಮನೆ ನಿಂತುಬಿಟ್ಟ. ಪಕ್ಕದಲ್ಲಿ ವಿಡಿಯೋ ನಡೆದೇ ಇತ್ತು. ಕತ್ತರಿಸದೆ ಕಳಿಸಬೇಕೆಂದು ನೀನು ಬರೆದದ್ದು ನೆನಪಾಯಿತು.

ನಾನು ಮೋರಾಳ ಮುಖ ನೋಡಿದೆ. ಅವಳು ಮೈದಾನ ನೋಡುತ್ತಿದ್ದಳು.

ತಪ್ಪು ನನ್ನದೆಂದು ನಾನು ಹೇಳುವುದಿಲ್ಲ. ಚಹಾ ಕೊಟ್ಟವರು ಕೇಳಿದರೆ ಉತ್ತರ ಕೊಡುವುದು ನಮ್ಮ ಪದ್ಧತಿ. ಆದರೆ ನನ್ನ ಮನೆಯ ಮಾತು ನನ್ನ ಬಾಯಿಂದ ಹೊರಗೆ ಹೋಗಿ ನನ್ನ ಹುಡುಗನ ಕುತ್ತಿಗೆಗೆ ಬಂದಿದ್ದರೆ, ಅದನ್ನು ಸರಿಪಡಿಸಬೇಕಾದವಳೂ ನಾನೇ. ಎದ್ದೆ. ಗೆರೆಯ ಪಕ್ಕದಲ್ಲೇ ನಡೆದು ಅವನ ಬಲೆಯ ಹಿಂದಕ್ಕೆ ಹೋದೆ. ಕೆಸರು. ಶಶಿಧರ ಹಿಂದಿನಿಂದ, "ಅವ್ವಾ, ಒಳಗ ಹೋಗಬ್ಯಾಡ, ಬೈತಾರ" ಎನ್ನುತ್ತ ಕುರ್ಚಿ ಹಿಡಿದುಕೊಂಡೇ ಓಡಿ ಬಂದ.

"ತೇಜಾ!" ಎಂದೆ. "ಅವರಿಗೆ ನಮ್ಮ ಅಡಗಿಮನಿ ಗೊತ್ತಾಗೇತಿ. ನಾನ ಹೇಳೀನಿ. ಬದಲ ಮಾಡ!"

ತಿರುಗಿದ. ಜಾಲರಿಯ ಹಿಂದೆ ಕಣ್ಣಷ್ಟೇ ಕಂಡವು. ಒಂಬತ್ತು ತಿಂಗಳ ಮೇಲೆ ನನ್ನ ದನಿ ಕೇಳಿದ್ದ. ಎಲ್ಲಿ ಅಲ್ಲೇ ಮಾತಿಗೆ ನಿಲ್ಲುತ್ತಾನೋ ಎಂದು, "ನನ್ನೇನ್ ನೋಡ್ತಿ, ಚೆಂಡ್ ನೋಡ" ಎಂದೆ. ಅವನು ಮುಂದಕ್ಕೆ ತಿರುಗಿ, ಎರಡೂ ಕೈ ಮೇಲೆತ್ತಿ ತನ್ನವರಿಗೆ ಕೂಗಿದ. "ಉಲ್ಟಾ! ಉಲ್ಟಾ!"

ಅದನ್ನೂ ಅವರಿಗೆ ಮೊದಲೇ ಕಲಿಸಿಟ್ಟಿದ್ದ. ಆಮೇಲೆ ಅಡಗಿಮನಿ ಎಂದರೆ ಚೆಂಡು ಬಲಕ್ಕೆ, ದೇವರಮನಿ ಎಂದರೆ ಎಡಕ್ಕೆ. ಮೆಲ್ಬೋರ್ನಿನವರು ಖಾಲಿ ಕಡೆಗೆ ಓಡಿ ಓಡಿ ದಣಿದರು. ಇದಿಷ್ಟೂ ನಡೆಯುವಾಗ ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಅಲ್ಲಿಂದ ನೋಡಿದರೆ ಇಡೀ ಮೈದಾನ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಬೇರೆ ಯಾರಿಗೂ ಹಾಗೆ ಕಾಣುವುದಿಲ್ಲ. ಹದಿನಾಲ್ಕು ಜನ ಅವನ ಬಾಯಿ ನೋಡಿ ಓಡುತ್ತಾರೆ. ಶಶಿಧರನಿಗೆ ಏನೂ ಗೊತ್ತಿಲ್ಲ. ಅದು ಆಳು ನಿಲ್ಲುವ ಜಾಗವಲ್ಲ, ಯಜಮಾನ ನಿಲ್ಲುವ ಜಾಗ.

ಕೊನೆಗೆ ಒಬ್ಬ ದಾಂಡಿಗ ಎದುರಿಗೇ ನುಗ್ಗಿ ಬಂದು ಹೊಡೆದ. ನನಗೆ ಚೆಂಡು ಕಾಣಲೇ ಇಲ್ಲ, ಶಬ್ದವಷ್ಟೇ ಕೇಳಿತು. ತೇಜಸ್ ನೆಲಕ್ಕೆ ಬಿದ್ದಿದ್ದ, ಚೆಂಡು ಅವನ ಎದೆಯ ಕೆಳಗಿತ್ತು. ನಾನು ಕಣ್ಣು ಮುಚ್ಚಿದ್ದೆ ಎಂದು ಶಶಿಧರ ಹೇಳುತ್ತಾನೆ. ಸುಳ್ಳು.

ಸಿಡ್ನಿ ಒಂದಂಕದಿಂದ ಸೋತಿತು. ಬಿಡುವಿನ ಮೇಲೆ ಕಳೆದುಕೊಂಡದ್ದು ಅಷ್ಟಿತ್ತು.

ಆಟ ಮುಗಿದ ಮೇಲೆ ಬಂದು ಕೆಸರು ಕೈಯಲ್ಲೇ ನನ್ನ ಕಾಲು ಮುಟ್ಟಿದ. ನಾನು ಮಾತಾಡಲಿಲ್ಲ. ಶೇಂಗಾ ಹೋಳಿಗೆಯ ಡಬ್ಬಿಯನ್ನು ಶಶಿಧರನ ಕೈಯಿಂದ ಕೊಡಿಸಿದೆ. ಮೈದಾನದಲ್ಲಿ ಒದರಿದ್ದು ಮಾತಲ್ಲ. ಬೆಂಕಿ ಬಿದ್ದರೆ ಮಾತು ಬಿಟ್ಟವರನ್ನೂ ಕೂಗಿ ಎಬ್ಬಿಸುತ್ತಾರೆ.

ವಿಡಿಯೋ ಕಳಿಸಿದನೇ? ಅವರು ಏನೆಂದರು? ತಡಮಾಡದೆ ಬರೆ.

ನಿನ್ನ ಅವ್ವ
ಚನ್ನಕ್ಕ


ಚಾಟ್ಸ್‌ವುಡ್
2 ನವೆಂಬರ್ 2025

ಪೂಜ್ಯ ಅವ್ವನಿಗೆ ಶರಣು ಶರಣಾರ್ಥಿ.

ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡ. ಮೋರಾಳ ಚಹಾದ ಹತ್ತಿರ ಬಂದಾಗ ಇಬ್ಬರಿಗೂ ಉಸಿರು ಕಟ್ಟುವಷ್ಟು ನಗು. ಅಲ್ಲಿಯವರೆಗೂ ಅವನಿಗೆ ಗುಟ್ಟು ಹೊರಬಿದ್ದದ್ದು ಹೇಗೆಂದು ತಿಳಿದಿರಲಿಲ್ಲ. ನೀನು "ನಾನ ಹೇಳೀನಿ" ಎಂದದ್ದು ಸುಮ್ಮನೆ ಅವನ ಸಮಾಧಾನಕ್ಕೆ ಎಂದುಕೊಂಡಿದ್ದನಂತೆ.

ವಿಡಿಯೋ ಕಳಿಸಲು ಅವನು ಹದಿನೈದು ದಿನ ಹಿಂದೆಮುಂದೆ ನೋಡಿದ. ಸೋತ ಆಟ, ಮೇಲಾಗಿ ನಡುವೆ ಐದಾರು ಚೆಂಡು ಎದುರಿನವರ ಕೈಗೇ ಹೋದದ್ದು. "ಇದನ್ ನೋಡಿದ್ರ ಯಾರ್ ತಗೋತಾರ ಅತ್ತಿ?" ಎಂದ. ಬೇರೆ ಪಂದ್ಯದ ತುಣುಕು ಹಾಕಲೇ ಎಂದೂ ಕೇಳಿದ. ಕೊನೆಗೆ ತಾನೇ, "ನೋ. ಹೋಲ್ ಥಿಂಗ್ ಕಳಸ್ತೀನಿ" ಎಂದು ಕಳಿಸಿದ.

ಮೊನ್ನೆ ಮ್ಯಾನೇಜರ್ ಫೋನ್ ಮಾಡಿದರು. ಸ್ಪೀಕರಿನಲ್ಲಿ ಇಟ್ಟಿದ್ದ, ನಾನೂ ಕೇಳಿದೆ. ಅವರು ಮೊದಲು ಕೇಳಿದ ಪ್ರಶ್ನೆ, ಬಲೆಯ ಹಿಂದೆ ಒದರುತ್ತಿರುವ ಆ ಹೆಂಗಸು ಯಾರು? ನನ್ನ ಗ್ರಾನಿ ಎಂದ. ಅವರು ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಚೆಂಡು ತಡೆಯುವವರು ನನಗೆ ನಾಲ್ಕು ಜನ ಸಿಗುತ್ತಾರೆ. ಆಟ ಕೈಬಿಟ್ಟು ಹೋಗುತ್ತಿರುವಾಗ ಒಂದು ನಿಮಿಷದಲ್ಲಿ ಎಲ್ಲವನ್ನೂ ತಿರುಗಿಸಿ ನಿಲ್ಲಿಸುವವನು ನನಗೆ ಬೇಕು. ಹೋದ ವರ್ಷ ಒಂದು ಚೆಂಡು ಜಾರಿದ್ದಕ್ಕೆ ನೀನು ದೇಶ ಬಿಟ್ಟೆ ಎಂದು ಕೇಳಿದ್ದೆ. ಈ ಸಲ ಐದು ಹೋದರೂ ಬಲೆ ಬಿಡಲಿಲ್ಲ. ಡಿಸೆಂಬರ್ ಮೊದಲ ವಾರ ಇಲ್ಲಿರು."

ಫೋನ್ ಇಟ್ಟು ಸೋಫಾದ ಮೇಲೆ ಮುಖ ಮುಚ್ಚಿಕೊಂಡು ಕೂತ. ನಾನು ಕೇಸರಿಬಾತ್ ಮಾಡುತ್ತೇನೆ ಎಂದೆ. "ಈಗ ಬ್ಯಾಡ ಅತ್ತಿ. ಆಯಿ ಏನಂತಾಳ ನೋಡೂಣು" ಎಂದ.

ಅವ್ವ, ಕಿರಣ ಕಾಯುತ್ತಿದ್ದಾನೆ, ಇವನೂ ಕಾಯುತ್ತಿದ್ದಾನೆ. ನಿನ್ನ ಕಾಗದದಲ್ಲಿ ಎಲ್ಲವೂ ಇತ್ತು, ಹ್ಞೂಂ ಮಾತ್ರ ಇರಲಿಲ್ಲ. ಹಿಂದಿನ ಕೋಣೆಯ ಮಂಚದ ವಿಷಯ ನನಗೆ ಗೊತ್ತಿದೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ನಿನ್ನ ಮಗಳು
ಮಾಧುರಿ


ಟಾರ್ನೀಟ್
30 ನವೆಂಬರ್ 2025

ಚಿ. ಸೌ. ಮಾಧುರಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನವೇ ಶಶಿಧರನಿಂದ ತೇಜಸ್‌ನಿಗೆ ಫೋನ್ ಮಾಡಿಸಿದೆ. ಕೆಲಸಕ್ಕೆ ನೋಟೀಸು ಕೊಟ್ಟು ಸಾಮಾನು ಕಟ್ಟಿಕೊಂಡು ಟಾರ್ನೀಟಿಗೆ ಬಾ ಎಂದಷ್ಟೇ ಹೇಳಿಸಿದೆ. ನಿನಗೂ ಅವನು ಅಷ್ಟೇ ಹೇಳಿ ಹೊರಟಿರಬೇಕು. ಇಲ್ಲಿ ಕಾಲೇಜಿಗೆ ಸೇರಿಸಲು ಕರೆಸಿದ್ದಾಳೆ ಎಂದು ನೀನು ಕಣ್ಣೀರು ಹಾಕಿದೆಯಂತೆ. ಅಳುವ ಕಾರಣವಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಬಂದವನು ಹೊಸಲಿನಲ್ಲೇ ನಿಂತ. ಸೋತ ಮುಖ. "ಬಂದೆ ಆಯಿ" ಎಂದ. "ಬಾ, ಕೈಕಾಲು ತೊಳಕೊ" ಎಂದೆ. ಅವನು ಚೀಲ ಅಲ್ಲೇ ಕೆಳಗಿಟ್ಟು ನನ್ನನ್ನು ನೋಡಿದ. ಮಾತು ಬಿಟ್ಟದ್ದು ನಾನು, ಹಿಡಿದದ್ದೂ ನಾನು. ಅದಕ್ಕೆ ಬೇರೆಯವರ ಅಪ್ಪಣೆ ಬೇಕಿಲ್ಲ.

ಊಟಕ್ಕೆ ಕೂತಾಗ ಕೇಳಿದೆ. "ಓದು?"

"ಅಲ್ಲೇ ಹಳೇ ಕಾಲೇಜ್, ಆಯಿ. ಜನವರಿಗೆ ಸೇರ್ತೀನಿ. ಸೀಟ್ ಕನ್‌ಫರ್ಮ್ ಆಗೇತಿ."

"ಮತ್ತ ಚೆಂಡು ಜಾರಿದ್ರ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಜಾರ್ತೈತಿ ಆಯಿ. ಎಲ್ಲಾರ್ಗೂ ಜಾರ್ತೈತಿ. ಮುಂದಿನ ಚೆಂಡಿಗೆ ನಿಲ್ಲೂದು."

ಜಾರಂಗಿಲ್ಲ ಎಂದಿದ್ದರೆ ನಾನು ಕಳಿಸುತ್ತಿರಲಿಲ್ಲ.

ಎಂಟು ದಿನ ಇದ್ದ. ಅಂಗಡಿಗೆ ಬಂದ, ರೊಟ್ಟಿಯ ಹಿಟ್ಟು ಹೊತ್ತ, ಶಶಿಧರನ ಕಾರು ತೊಳೆದ. ಬೆಳಗಿನ ಹೊತ್ತು ಹಿತ್ತಿಲ ಬೇಲಿಗೆ ಚೆಂಡು ಬಡಿದ. ಪಕ್ಕದ ಮನೆಯ ಪಂಜಾಬಿ ಗೃಹಸ್ಥ ದೂರು ಹೇಳಲು ಬಂದು, ತಾನೂ ಕೋಲು ಹಿಡಿದು ನೋಡಿ, ಕೈ ಉಳುಕಿಸಿಕೊಂಡು ಹೋದ. ಒಂದು ದಿನ ನಾನೂ ಬಾಗಿಲಲ್ಲಿ ಕೂತು ನೋಡಿದೆ. ಅವನು ಹೊಡೆಯುವ ಮೊದಲು ನಾನು ಎತ್ತ ಎಂದು ಹೇಳಬೇಕು, ಅವನು ಅತ್ತ ಹೊಡೆಯಬೇಕು. ಒಂದೂ ತಪ್ಪಲಿಲ್ಲ.

ಶಶಿಧರ ನೋಡಿಟ್ಟಿದ್ದ ಕಾಲೇಜಿಗೆ ಬರುವುದಿಲ್ಲವೆಂದು ತಿಳಿಸಲಾಗಿದೆ. ಕಿರಣನಿಗೆ ನಾನೇ ಫೋನ್ ಮಾಡಿದೆ. "ಅವ್ವ, ಮತ್ತೊಮ್ಮೆ ವಿಚಾರ ಮಾಡೂಣೇನು?" ಎಂದ. ಕೊನೆಗೆ ಅವನಿಗೇ ಧೈರ್ಯ ಸಾಲಲಿಲ್ಲ ನೋಡು. "ವಿಚಾರ ಮುಗದೈತಿ. ನೀ ಏರ್‌ಪೋರ್ಟಿಗೆ ಹೋಗಿ ಕರಕೊಂಡು ಬಾ" ಎಂದೆ.

ನಿನ್ನೆ ಮಧ್ಯಾಹ್ನ ವಿಮಾನ ಹತ್ತಿಸಿ ಬಂದೆವು. ಕೋಲುಗಳನ್ನು ಒಳಗೆ ಒಯ್ಯಲು ಬಿಡಲಿಲ್ಲ, ಸಾಮಾನಿಗೆ ಹಾಕಿಸಿದರು. ಹಣೆಗೆ ವಿಭೂತಿ ಹಚ್ಚಿದೆ. ಬಗ್ಗಿದ, ನನಗೆ ಹಣೆ ಎಟುಕುವುದಿಲ್ಲವಲ್ಲ. ಒಳಗೆ ಹೋಗುವಾಗ ಅವನು ತಿರುಗಿ ನೋಡಿದ. ನಾನು ಕೈ ಎತ್ತಲಿಲ್ಲ, ಮುಂದೆ ನೋಡು ಎಂದು ಬೆರಳು ತೋರಿಸಿದೆ. ಮನೆಗೆ ಬಂದು ಎರಡು ತಾಸು ಗಾಢ ನಿದ್ದೆ ಮಾಡಿದೆ. ಈ ವರ್ಷದಲ್ಲಿ ಹಗಲು ಹೊತ್ತು ನಾನು ಹಾಗೆ ನಿದ್ದೆ ಮಾಡಿದ್ದಿಲ್ಲ. ಎದ್ದಾಗ ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟ ಹಾಗಿತ್ತು.

ಟಿಕೆಟ್ ತೆಗೆಯುವಾಗ ಶಶಿಧರ ಕೇಳಿದ್ದ, "ಅವ್ವ, ಹೋಗಿ ಬರೂದು ಎರಡೂ ಕೂಡೇ ತಗೀಲೇನು? ಆಟ ಹತ್ತಲಿಲ್ಲ ಅಂದ್ರ ತಿರುಗಿ ಬರ್ತಾನ." ನಾನು ಬೇಡವೆಂದೆ. ಹೋಗುವುದನ್ನಷ್ಟೇ ತೆಗೆಸಿದೆ.

ನಿನ್ನ ಅವ್ವ
ಚನ್ನಕ್ಕ